ಮನೆ ಸಾಲ: ಬಡ್ಡಿಯ ಹೊರೆ ಯಾರ ಹೆಗಲಿಗೆ?

(ಸದಸ್ಯರಿಗಾಗಿ ಅಭ್ಯಾಸ ಪಾಠ)



ಗೊಬ್ಬರ, ಔಷಧಿ, ಮಂಡಿಯ ಧಾರಣೆ ಮುಂತಾದ ವಿಷಯಗಳನ್ನು ನಾವು ಈ ಪುಟಗಳಲ್ಲಿ ಆಗಾಗ್ಗೆ ಚರ್ಚಿಸುತ್ತ ಬಂದಿದ್ದೇವೆ. ಬೋರ್ಡೋ ದ್ರಾವಣಕ್ಕೆ ಮೈಲುತುತ್ತ ಎಷ್ಟು, ಸುಣ್ಣ ಎಷ್ಟು ಎಂದು ಕೇಳಿದರೆ ನಮ್ಮಲ್ಲಿ ಶಾಲೆಗೆ ಹೋಗುವ ಹುಡುಗರೂ ತಡವರಿಸದೆ ಹೇಳುತ್ತಾರೆ. ಆದರೆ 20 ವರ್ಷ ನಮ್ಮ ಹೆಗಲ ಮೇಲೆ ಕುಳಿತಿರುವ ಮನೆ ಸಾಲದಲ್ಲಿ ಈ ತಿಂಗಳು ಕಟ್ಟಿದ ಕಂತಿನ ಪೈಕಿ ಬಡ್ಡಿಗೆ ಎಷ್ಟು ಹೋಯಿತು, ಅಸಲಿಗೆ ಎಷ್ಟು ಹೋಯಿತು ಎಂದು ಕೇಳಿದರೆ ಹಿರಿಯರೂ ಸುಮ್ಮನಾಗುತ್ತಾರೆ. ಹಳೆಯ ಹೆಂಚಿನ ಮನೆ ಕೆಡವಿ ತಾರಸಿ ಮನೆ ಕಟ್ಟುವವರು, ಮಕ್ಕಳ ಓದಿಗೆಂದು ಪಟ್ಟಣದಲ್ಲಿ ಮನೆ ಕೊಳ್ಳುವವರು ನಮ್ಮಲ್ಲಿ ಹೆಚ್ಚುತ್ತಿದ್ದಾರೆ. ಆದ್ದರಿಂದ ಈ ಸಂಚಿಕೆಯಲ್ಲಿ ಮನೆ ಸಾಲದ ಅರ್ಥಶಾಸ್ತ್ರವನ್ನು ಪಾಠದ ರೂಪದಲ್ಲಿ ಸದಸ್ಯರ ಮುಂದಿಡುತ್ತಿದ್ದೇವೆ.

ಪಾಠದ ಸಾರಾಂಶವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ದೀರ್ಘಾವಧಿ ಸಾಲದಲ್ಲಿ ಬಡ್ಡಿ ಏರುವ ಅಪಾಯ ಒಂದು ಇದ್ದೇ ಇರುತ್ತದೆ. ಯಾವ ಕಾನೂನಿನಿಂದಲೂ, ಯಾವ ಬ್ಯಾಂಕಿನ ಜಾಣತನದಿಂದಲೂ ಆ ಹೊರೆ ಇಲ್ಲವಾಗುವುದಿಲ್ಲ. ಹೆಗಲು ಮಾತ್ರ ಬದಲಾಗುತ್ತದೆ. ಅದು ಈಗ ಯಾರ ಹೆಗಲ ಮೇಲಿದೆ ಎಂಬುದನ್ನು ತಿಳಿದುಕೊಳ್ಳುವುದೇ ಈ ಪಾಠದ ಉದ್ದೇಶ.

1. ಚೀಟಿಯಿಂದ ಹುಟ್ಟಿದ ಪದ್ಧತಿ

ಮನೆ ಸಾಲದ ಸಂಸ್ಥೆಗಳು ಮೊದಲು ಹುಟ್ಟಿದ್ದು ದೊಡ್ಡ ಬ್ಯಾಂಕುಗಳಲ್ಲಿ ಅಲ್ಲ, ನಮ್ಮಂಥ ಸಾಮಾನ್ಯ ಜನರ ಸಹಕಾರದಲ್ಲಿ ಎಂಬುದು ಸಹಕಾರಿಗಳಾದ ನಮಗೆ ಹೆಮ್ಮೆಯ ವಿಷಯ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಪಟ್ಟಣದಲ್ಲಿ 1775ರಲ್ಲಿ ರಿಚರ್ಡ್ ಕೆಟ್ಲಿ ಎಂಬಾತನ ವಸತಿಗೃಹದಲ್ಲಿ ಸೇರಿದ ಕೆಲವರು ಒಂದು ಗೃಹ ನಿರ್ಮಾಣ ಸಂಘ ಕಟ್ಟಿಕೊಂಡರು. ಇಂಥ ಸಂಘಗಳಲ್ಲಿ ಎಲ್ಲ ಸದಸ್ಯರೂ ತಿಂಗಳು ತಿಂಗಳು ಹಣ ಹಾಕುವುದು, ಕೂಡಿದ ಹಣದಿಂದ ಸರದಿಯಂತೆ ಒಬ್ಬೊಬ್ಬರಿಗೆ ಮನೆ ಮಾಡಿಕೊಡುವುದು, ಕೊನೆಯ ಸದಸ್ಯನಿಗೂ ಮನೆಯಾದ ಮೇಲೆ ಸಂಘವನ್ನು ಮುಚ್ಚುವುದು ಪದ್ಧತಿಯಾಗಿತ್ತು. ನಮ್ಮೂರುಗಳ ಚೀಟಿಯ ವ್ಯವಹಾರ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1831ರಲ್ಲಿ ಇದೇ ಮಾದರಿಯ ಮೊದಲ ಸಂಘ ಆರಂಭವಾಯಿತು.

ಈ ಹಳೆಯ ಏರ್ಪಾಡಿನಲ್ಲಿ ಒಂದು ಭದ್ರತೆಯಿತ್ತು. ಹಣ ಹಾಕಿದವರೂ ಸಾಲ ಪಡೆಯುವವರೂ ಒಬ್ಬರೇ ಆಗಿದ್ದರು. ನಡುವೆ ಹಣ ವಾಪಸು ಕೇಳುವ ಹೊರಗಿನವರು ಇರಲಿಲ್ಲ. ಆದರೆ ಹೊಸ ಸದಸ್ಯರು ಸಿಕ್ಕದೆ ಹೋದರೆ, ಸರದಿ ಬರುವಷ್ಟರಲ್ಲಿ ಕೊನೆಯವನಿಗೆ ವಯಸ್ಸಾಗಿಬಿಡುತ್ತಿತ್ತು. ಆದ್ದರಿಂದ ಕಾಲಕ್ರಮದಲ್ಲಿ ಸಂಘಗಳು ಸಾಲ ಬೇಡದವರಿಂದಲೂ ಠೇವಣಿ ಪಡೆಯತೊಡಗಿದವು. ಸಾಲ ಬೇಗ ಸಿಕ್ಕಿತು, ಸಂಘ ಬೆಳೆಯಿತು. ಜೊತೆಗೇ ಒಂದು ಹೊಸ ತೊಡಕೂ ಒಳಗೆ ಬಂದಿತು.

2. ಅಲ್ಪಾವಧಿ ಠೇವಣಿ, ದೀರ್ಘಾವಧಿ ಸಾಲ

ಆ ತೊಡಕು ಏನೆಂದರೆ, ಠೇವಣಿ ಇಟ್ಟವರು ತಮಗೆ ಬೇಕಾದಾಗ ಹಣ ಕೇಳುತ್ತಾರೆ. ಮನೆ ಕಟ್ಟಿದವನು 15 ಅಥವಾ 20 ವರ್ಷ ಕಳೆದರೇ ಪೂರ್ತಿ ಹಣ ಕೊಡಬಲ್ಲ. ಇವೆರಡರ ನಡುವೆ ನಿಂತು ಸೇತುವೆಯಾಗುವುದೇ ಬ್ಯಾಂಕಿನ ಕೆಲಸ. ಸೇತುವೆ ಎಲ್ಲರಿಗೂ ಉಪಕಾರಿ. ಆದರೆ ಎಲ್ಲ ಠೇವಣಿದಾರರೂ ಒಂದೇ ದಿನ ಬಂದು ನಿಂತರೆ ಎಂಥ ಸದೃಢ ಬ್ಯಾಂಕಾದರೂ ಕುಸಿಯುತ್ತದೆ, ಏಕೆಂದರೆ ಹಣವೆಲ್ಲ ಗೋಡೆ, ಚಾವಣಿಗಳಾಗಿ ಬೇರೆಯವರ ಮನೆಯಲ್ಲಿ ನಿಂತಿರುತ್ತದೆ. ಇದನ್ನು 1983ರಲ್ಲಿ ಡಗ್ಲಸ್ ಡೈಮಂಡ್ ಮತ್ತು ಫಿಲಿಪ್ ಡಿಬ್‌ವಿಗ್ ಎಂಬ ಅರ್ಥಶಾಸ್ತ್ರಜ್ಞರು ಗಣಿತದ ಮೂಲಕ ತೋರಿಸಿಕೊಟ್ಟರು. ಬ್ಯಾಂಕು ಮುಳುಗುತ್ತದೆಂಬ ಭಯವೊಂದೇ ಬ್ಯಾಂಕನ್ನು ಮುಳುಗಿಸಬಲ್ಲದು, ಠೇವಣಿಗೆ ವಿಮೆಯಿದ್ದರೆ ಆ ಭಯಕ್ಕೆ ಕಾರಣವಿರುವುದಿಲ್ಲ ಎಂಬುದು ಅವರ ನಿರೂಪಣೆಯ ತಿರುಳು. ಅದೇ 1983ರಲ್ಲಿ ಬೆನ್ ಬರ್ನಾಂಕಿ ಎಂಬವರು 1930ರ ದಶಕದ ಮಹಾ ಮುಗ್ಗಟ್ಟನ್ನು ಪರಿಶೀಲಿಸಿ, ಬ್ಯಾಂಕುಗಳು ಬಿದ್ದುಹೋಗಿ ಸಾಲದ ಹರಿವು ನಿಂತದ್ದರಿಂದಲೇ ಆ ಮುಗ್ಗಟ್ಟು ಅಷ್ಟು ದೀರ್ಘವಾಯಿತೆಂದು ವಾದಿಸಿದರು. ಈ ಮೂವರಿಗೂ 2022ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಸ್ಮಾರಕ ಪ್ರಶಸ್ತಿ ಬಂದಿತು.

ನಮ್ಮ ದೇಶಕ್ಕೂ ಈ ಪಾಠ ಕಷ್ಟದಿಂದಲೇ ದೊರಕಿತು. 1960ರಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕು ಮುಚ್ಚಿತು. ಅದರ ಬೆನ್ನಿಗೇ 1962ರಲ್ಲಿ ಠೇವಣಿ ವಿಮಾ ನಿಗಮ ಸ್ಥಾಪನೆಯಾಯಿತು. ಆಗ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ 1,500 ರೂಪಾಯಿವರೆಗೆ ರಕ್ಷಣೆಯಿತ್ತು. 2020ರ ಫೆಬ್ರವರಿಯಲ್ಲಿ ಈ ಮಿತಿಯನ್ನು 5 ಲಕ್ಷ ರೂಪಾಯಿಗೆ ಏರಿಸಲಾಯಿತು. ಸದಸ್ಯರು ಒಂದು ವಿಷಯವನ್ನು ಇಲ್ಲಿ ಗಮನಿಸತಕ್ಕದ್ದು. ಈ ವಿಮೆ ವಾಣಿಜ್ಯ ಬ್ಯಾಂಕುಗಳಿಗೂ ಸಹಕಾರಿ ಬ್ಯಾಂಕುಗಳಿಗೂ ಉಂಟು. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳಿಗೆ ಇಲ್ಲ. ಅಂಥ ಸಂಘದಲ್ಲಿ ಠೇವಣಿ ಇಡುವವರು ಅದರ ವಾರ್ಷಿಕ ವರದಿಯನ್ನು ಓದುವುದು, ಮಹಾಸಭೆಗೆ ತಪ್ಪದೆ ಬರುವುದು, ಇವೇ ಅವರ ವಿಮೆ.

3. ಹೊರೆ ಬ್ಯಾಂಕಿನ ಹೆಗಲ ಮೇಲಿದ್ದಾಗ

ಅಮೆರಿಕದಲ್ಲಿ 1930ಕ್ಕೆ ಮುಂಚೆ ಮನೆ ಸಾಲಗಳ ವಾಯಿದೆ ಸಾಮಾನ್ಯವಾಗಿ 5ರಿಂದ 10 ವರ್ಷ. ಎಷ್ಟೋ ಸಾಲಗಳಲ್ಲಿ ಅಲ್ಲಿಯವರೆಗೆ ಬಡ್ಡಿ ಮಾತ್ರ ಕಟ್ಟಿ, ಕೊನೆಯಲ್ಲಿ ಅಸಲನ್ನು ಒಂದೇ ಗಂಟಾಗಿ ಕೊಡಬೇಕಾಗಿತ್ತು. ಗಂಟು ಕೊಡಲಾಗದವರು ಹೊಸ ಸಾಲ ಮಾಡಿ ಹಳೆಯದನ್ನು ತೀರಿಸುತ್ತಿದ್ದರು. ಮುಗ್ಗಟ್ಟು ಬಂದಾಗ ಹೊಸ ಸಾಲ ಕೊಡುವವರೇ ಇಲ್ಲವಾಗಿ ಮನೆಗಳು ಹರಾಜಿಗೆ ಬಂದವು. 1933ರಲ್ಲಿ ಸರ್ಕಾರವೇ ಒಂದು ನಿಗಮ ಸ್ಥಾಪಿಸಿ ಸುಮಾರು 10 ಲಕ್ಷ ಕುಟುಂಬಗಳ ಸಾಲಗಳನ್ನು ವಹಿಸಿಕೊಂಡು, ದೀರ್ಘಾವಧಿ ಕಂತುಗಳಾಗಿ ಮಾರ್ಪಡಿಸಿಕೊಟ್ಟಿತು. 1934ರಲ್ಲಿ ಮನೆ ಸಾಲಕ್ಕೆ ಸರ್ಕಾರದ ವಿಮೆ ಬಂದಿತು. ತಿಂಗಳು ತಿಂಗಳು ಸಮ ಕಂತು ಕಟ್ಟುತ್ತ ಹೋದರೆ ಅವಧಿ ಮುಗಿಯುವ ಹೊತ್ತಿಗೆ ಅಸಲೂ ಬಡ್ಡಿಯೂ ಒಟ್ಟಿಗೆ ತೀರುವ ಪದ್ಧತಿ ರೂಢಿಗೆ ಬಂದದ್ದು ಹೀಗೆ. ಬಡ್ಡಿ ದರ ಸ್ಥಿರ. ಮೊದಲ ತಿಂಗಳು ಎಷ್ಟೋ ಕೊನೆಯ ತಿಂಗಳೂ ಅಷ್ಟೇ.

ಸಾಲಗಾರನಿಗೆ ಇದಕ್ಕಿಂತ ನೆಮ್ಮದಿಯ ಏರ್ಪಾಡು ಬೇರೊಂದಿಲ್ಲ. ಆದರೆ ಹೊರೆ ಎಲ್ಲಿ ಹೋಯಿತು? ಸಾಲ ಕೊಟ್ಟ ಉಳಿತಾಯ ಸಂಘಗಳ ಹೆಗಲಿಗೆ ಹೋಯಿತು. 1970ರ ದಶಕದಲ್ಲಿ ಬೆಲೆಗಳು ಏರಿದವು. ಅದನ್ನು ತಡೆಯಲೆಂದು ಅಮೆರಿಕದ ಕೇಂದ್ರ ಬ್ಯಾಂಕು 1979ರ ನಂತರ ಹಣದ ಹರಿವನ್ನು ಬಿಗಿ ಮಾಡಿತು. 1981ರಲ್ಲಿ ಹೊಸ ಮನೆ ಸಾಲದ ಬಡ್ಡಿ ಶೇಕಡಾ 18ನ್ನು ಮೀರಿತು. ಸಂಘಗಳ ಪೆಟ್ಟಿಗೆಯಲ್ಲಿದ್ದದ್ದು ಹಿಂದೆ ಕಡಮೆ ಬಡ್ಡಿಗೆ ಕೊಟ್ಟ ಸಾಲಗಳ ಪತ್ರಗಳು. ಠೇವಣಿದಾರರು ಹೆಚ್ಚು ಬಡ್ಡಿ ಸಿಗುವ ಕಡೆಗೆ ಹಣ ಒಯ್ಯತೊಡಗಿದರು. ಅವರನ್ನು ಉಳಿಸಿಕೊಳ್ಳಲು ಸಂಘಗಳು ತಾವು ಪಡೆಯುವುದಕ್ಕಿಂತ ಹೆಚ್ಚು ಬಡ್ಡಿ ಕೊಡಬೇಕಾಯಿತು. ಐದು ರೂಪಾಯಿಗೆ ಮಾರುವ ಸಾಮಾನನ್ನು ಹತ್ತು ರೂಪಾಯಿಗೆ ಕೊಳ್ಳುವ ಅಂಗಡಿ ಎಷ್ಟು ದಿನ ನಡೆದೀತು?

ಆಗ ಸರ್ಕಾರ ಮಾಡಿದ ಉಪಾಯ ಇನ್ನೂ ಅನಾಹುತವಾಯಿತು. 1980 ಮತ್ತು 1982ರ ಕಾನೂನುಗಳ ಮೂಲಕ ನಿರ್ಬಂಧ ಸಡಿಲಿಸಿ, ನಷ್ಟ ತುಂಬಿಕೊಳ್ಳಲೆಂದು ಹೆಚ್ಚು ಲಾಭದ, ಹೆಚ್ಚು ಅಪಾಯದ ವ್ಯವಹಾರಗಳಿಗೆ ಈ ಸಂಘಗಳನ್ನು ಬಿಡಲಾಯಿತು. ಠೇವಣಿಗೆ ವಿಮೆಯಿದ್ದುದರಿಂದ ಠೇವಣಿದಾರರು ಪ್ರಶ್ನಿಸಲಿಲ್ಲ. ಮುಳುಗುತ್ತಿದ್ದವರು ಜೂಜಿಗೆ ಇಳಿದರು. 1986ರಿಂದ 1995ರವರೆಗೆ 1,043 ಸಂಸ್ಥೆಗಳು ಮುಚ್ಚಿದವು. ಒಟ್ಟು ನಷ್ಟ ಸುಮಾರು 15,300 ಕೋಟಿ ಡಾಲರು. ಅದರಲ್ಲಿ ಸುಮಾರು 12,400 ಕೋಟಿ ಡಾಲರು ತೆರಿಗೆ ಕೊಡುವ ಜನರ ತಲೆಯ ಮೇಲೆ ಬಿದ್ದಿತು. ವಿಮೆ ಭಯವನ್ನು ನೀಗುತ್ತದೆ, ಆದರೆ ಎಚ್ಚರವನ್ನೂ ನೀಗಬಹುದು. ಆದ್ದರಿಂದಲೇ ವಿಮೆಯ ಜೊತೆಗೆ ತಪಾಸಣೆ ಇರಬೇಕೆಂದು ಬ್ಯಾಂಕ್ ನೀತಿಯನ್ನು ಅಭ್ಯಸಿಸುವವರು ಒತ್ತಿ ಹೇಳುತ್ತಾರೆ.

ಇದು ಹಳೆಯ ಕಥೆಯೆಂದು ತಳ್ಳಿಹಾಕುವಂತಿಲ್ಲ. 2023ರ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯಾದ ಸಿಲಿಕಾನ್ ವ್ಯಾಲಿ ಬ್ಯಾಂಕು ಕುಸಿದದ್ದೂ ಇದೇ ಕಾರಣದಿಂದ. ಬಡ್ಡಿ ಕಡಮೆಯಿದ್ದಾಗ ದೀರ್ಘಾವಧಿ ಪತ್ರಗಳಲ್ಲಿ ಹಣ ಹೂಡಿದ್ದರು. ಬಡ್ಡಿ ಏರಿದಾಗ ಅವುಗಳ ಬೆಲೆ ಇಳಿಯಿತು. ಠೇವಣಿದಾರರು ಒಂದೇ ದಿನದಲ್ಲಿ 4,200 ಕೋಟಿ ಡಾಲರು ಹಿಂತೆಗೆದರು.

4. ಹೊರೆಯನ್ನು ಮೂರನೆಯವರಿಗೆ ಮಾರಿದಾಗ

ಬಡ್ಡಿಯ ಹೊರೆ ತಮಗೆ ಬೇಡವೆಂದು ಅಮೆರಿಕದ ಸಾಲ ಸಂಸ್ಥೆಗಳು ಇನ್ನೊಂದು ದಾರಿಯನ್ನು ಹೆಚ್ಚು ಹೆಚ್ಚಾಗಿ ಹಿಡಿದವು. ಸಾವಿರಾರು ಮನೆ ಸಾಲಗಳನ್ನು ಒಟ್ಟು ಮಾಡಿ, ಅವುಗಳಿಂದ ಬರುವ ಕಂತಿನ ಆಧಾರದ ಮೇಲೆ ಪತ್ರಗಳನ್ನು ಹೊರಡಿಸಿ, ದೇಶ ವಿದೇಶಗಳ ಹೂಡಿಕೆದಾರರಿಗೆ ಮಾರುವುದೇ ಆ ದಾರಿ. ಸಾಲ ಕೊಟ್ಟವನು ಮಾರನೆಯ ತಿಂಗಳು ಅದನ್ನು ಮಾರಿ ಕೈತೊಳೆದುಕೊಳ್ಳುವಂತಾದರೆ, ಸಾಲಗಾರ ತೀರಿಸಬಲ್ಲನೇ ಎಂದು ವಿಚಾರಿಸುವ ಶ್ರಮ ಯಾರು ತೆಗೆದುಕೊಳ್ಳುತ್ತಾರೆ? ಅಡಿಕೆಯ ಮೂಟೆಯಲ್ಲಿ ಮೇಲೆ ರಾಶಿ ಇಡಿ, ಕೆಳಗೆ ಕರಿಗೋಟು ತುಂಬಿದರೆ ಏನಾಗುವುದೋ ಅದೇ ಅಲ್ಲಿಯೂ ಆಯಿತು.

ಆಟಿಫ್ ಮಿಯಾನ್ ಮತ್ತು ಅಮೀರ್ ಸೂಫಿ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 2009ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಪ್ರಸಿದ್ಧವಾದದ್ದು. ಅಂಚೆ ವಲಯಗಳ ಪ್ರಕಾರ ಲೆಕ್ಕ ತೆಗೆದು ನೋಡಿದಾಗ, 2002ರಿಂದ 2005ರವರೆಗೆ ಆದಾಯ ಹಿಂದುಳಿಯುತ್ತಿದ್ದ ವಲಯಗಳಲ್ಲೇ ಮನೆ ಸಾಲ ವೇಗವಾಗಿ ಬೆಳೆದಿರುವುದು ಅವರಿಗೆ ಕಂಡಿತು. ಸಾಮಾನ್ಯವಾಗಿ ಆದಾಯ ಏರಿದರೆ ಸಾಲ ಏರಬೇಕು. ಅಲ್ಲಿ ನಡೆದದ್ದು ತಿರುವುಮುರುವು. ಮುಂದೆ ಸುಸ್ತಿ ಹೆಚ್ಚಾದದ್ದೂ ಅಂಥ ವಲಯಗಳಲ್ಲೇ. 2008ರ ಸೆಪ್ಟೆಂಬರಿನಲ್ಲಿ ಲೀಮನ್ ಬ್ರದರ್ಸ್ ಸಂಸ್ಥೆ ದಿವಾಳಿಯಾಗಿ, ಆ ಬಿಸಿ ಜಗತ್ತಿಗೆಲ್ಲ ತಟ್ಟಿತು.

ಇನ್ನೊಂದು ಅಧ್ಯಯನವನ್ನೂ ಹೇಳಬೇಕು. ಜೋರ್ಡಾ, ಶುಲಾರಿಕ್, ಟೇಲರ್ ಎಂಬ ಮೂವರು ಸಂಶೋಧಕರು 17 ಮುಂದುವರಿದ ದೇಶಗಳ 1870ರಿಂದೀಚಿನ ಬ್ಯಾಂಕ್ ಲೆಕ್ಕಗಳನ್ನು ಒಟ್ಟುಗೂಡಿಸಿದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬ್ಯಾಂಕುಗಳ ಒಟ್ಟು ಸಾಲದಲ್ಲಿ ಸುಮಾರು ಮೂರನೆಯ ಒಂದು ಭಾಗದಷ್ಟಿದ್ದ ಸ್ಥಿರಾಸ್ತಿ ಅಡಮಾನದ ಸಾಲ, ಈಚೆಗೆ ಶೇಕಡಾ 60ರ ಹತ್ತಿರ ಬಂದಿದೆಯೆಂದು ಅವರು ತೋರಿಸಿದರು. ಅಂಗಡಿ, ಕಾರ್ಖಾನೆಗಳಿಗೆ ಸಾಲ ಕೊಡುವುದಕ್ಕೆಂದು ಇದ್ದ ಬ್ಯಾಂಕು ಈಗ ಹೆಚ್ಚಾಗಿ ಮನೆ, ನಿವೇಶನಗಳ ಮೇಲೆ ಸಾಲ ಕೊಡುವ ಸಂಸ್ಥೆಯಾಗಿದೆ. ಆದ್ದರಿಂದ ಮನೆಗಳ ಬೆಲೆ ಬಿದ್ದರೆ ಬ್ಯಾಂಕುಗಳೂ ನಡುಗುತ್ತವೆ.

5. ನಮ್ಮ ದೇಶದಲ್ಲಿ

ನಮ್ಮಲ್ಲಿ ಮನೆ ಸಾಲಕ್ಕೆಂದೇ ಖಾಸಗಿ ವಲಯದಲ್ಲಿ ಮೊದಲು ಹೆಸರಾದ ಸಂಸ್ಥೆ ಎಚ್.ಡಿ.ಎಫ್.ಸಿ. ಅದನ್ನು 1977ರಲ್ಲಿ ಹಸ್ಮುಖ್ ಪಾರೇಖರು ಸ್ಥಾಪಿಸಿದರು. 2023ರ ಜುಲೈನಲ್ಲಿ ಅದು ತನ್ನದೇ ಬ್ಯಾಂಕಿನಲ್ಲಿ ವಿಲೀನವಾಯಿತು. 1988ರಲ್ಲಿ ರಾಷ್ಟ್ರೀಯ ವಸತಿ ಬ್ಯಾಂಕು ಆರಂಭವಾಯಿತು. ಮನೆ ಸಾಲದ ಕಂಪನಿಗಳ ನಿಯಂತ್ರಣ 2019ರಲ್ಲಿ ರಿಸರ್ವ್ ಬ್ಯಾಂಕಿಗೆ ಬಂದಿತು.

2004ರ ಡಿಸೆಂಬರಿನಲ್ಲಿ, ವೈ.ವಿ. ರೆಡ್ಡಿಯವರು ಗವರ್ನರ್ ಆಗಿದ್ದಾಗ, ಮನೆ ಸಾಲಗಳು ಅತಿ ವೇಗದಲ್ಲಿ ಬೆಳೆಯುತ್ತಿರುವುದನ್ನು ಕಂಡು ರಿಸರ್ವ್ ಬ್ಯಾಂಕು ಅವುಗಳ ಅಪಾಯದ ತೂಕವನ್ನು ಶೇಕಡಾ 50ರಿಂದ 75ಕ್ಕೆ ಏರಿಸಿತು. ಅಂದರೆ ಅದೇ ಸಾಲಕ್ಕೆ ಬ್ಯಾಂಕುಗಳು ತಮ್ಮ ಸ್ವಂತ ಬಂಡವಾಳವನ್ನು ಒಂದೂವರೆ ಪಟ್ಟು ತೆಗೆದಿಡಬೇಕಾಯಿತು. ಹೊಳೆಗೆ ನೀರು ಬರುವ ಮೊದಲೇ ಕಟ್ಟೆ ಎತ್ತರಿಸಿದಂತೆ ಈ ಕ್ರಮ. ಮನೆಯ ಪೂರ್ತಿ ಬೆಲೆಗೆ ಸಾಲ ಕೊಡಬಾರದೆಂಬ ಮಿತಿಗಳೂ ಇವೆ. 2015ರಲ್ಲಿ ನಿಗದಿಯಾದಂತೆ 30 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಬೆಲೆಯ ಶೇಕಡಾ 90 ಗರಿಷ್ಠ. ಉಳಿದದ್ದು ನಮ್ಮ ಕೈಯಿಂದ ಹೋಗಬೇಕು. ಇದನ್ನು ಬ್ಯಾಂಕಿನ ಜಿಪುಣತನವೆಂದು ಭಾವಿಸಬಾರದು. ಬೆಲೆ ಸ್ವಲ್ಪ ಇಳಿದರೂ ಸಾಲ ಮನೆಯ ಬೆಲೆಯನ್ನು ಮೀರದಂತೆ ಕಾಯುವ ಬೇಲಿ ಅದು.

ಇನ್ನು ನಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಬಡ್ಡಿಯ ಹೊರೆ ನಮ್ಮಲ್ಲಿ ಯಾರ ಮೇಲಿದೆ? ನಮ್ಮಲ್ಲಿ ಮನೆ ಸಾಲಗಳು ಬಹುಪಾಲು ಬದಲಾಗುವ ಬಡ್ಡಿಯವು. 2019ರ ಅಕ್ಟೋಬರ್ 1ರಿಂದ ವಾಣಿಜ್ಯ ಬ್ಯಾಂಕುಗಳು ಹೊಸ ಬದಲಾಗುವ ಬಡ್ಡಿಯ ಮನೆ ಸಾಲಗಳನ್ನು ರೆಪೊ ದರದಂಥ ಹೊರಗಿನ ಮಾನದಂಡಕ್ಕೆ ಕಟ್ಟಿಹಾಕಬೇಕೆಂದು ರಿಸರ್ವ್ ಬ್ಯಾಂಕು ವಿಧಿಸಿತು. ದರ ಇಳಿದಾಗ ಅದರ ಲಾಭ ಸಾಲಗಾರನಿಗೆ ಬೇಗ ಸಿಗಲಿ ಎಂಬುದು ಉದ್ದೇಶ. ಆದರೆ ಏರಿದಾಗಲೂ ಅಷ್ಟೇ ಬೇಗ ತಟ್ಟುತ್ತದೆ. 2022ರ ಮೇ ತಿಂಗಳ ಆರಂಭದಲ್ಲಿ ಶೇಕಡಾ 4 ಇದ್ದ ರೆಪೊ ದರ 2023ರ ಫೆಬ್ರವರಿ ಹೊತ್ತಿಗೆ ಶೇಕಡಾ 6.5 ಆಯಿತು. 2025ರ ಫೆಬ್ರವರಿಯಲ್ಲಿ ಇಳಿಕೆ ಆರಂಭವಾಗುವವರೆಗೆ ಅದು ಅಲ್ಲೇ ನಿಂತಿತ್ತು. ಒಟ್ಟಿನಲ್ಲಿ, ಅಮೆರಿಕದಲ್ಲಿ ಸಂಘಗಳನ್ನು ಮುಳುಗಿಸಿದ ಹೊರೆಯನ್ನು ನಮ್ಮಲ್ಲಿ ಸಾಲಗಾರನೇ ಹೊತ್ತಿದ್ದಾನೆ. ಬ್ಯಾಂಕು ಭದ್ರ, ಎಚ್ಚರ ವಹಿಸಬೇಕಾದವರು ನಾವು.

6. ಲೆಕ್ಕ ಮಾಡಿ ನೋಡೋಣ

10 ಲಕ್ಷ ರೂಪಾಯಿ ಸಾಲ, ಬಡ್ಡಿ ಶೇಕಡಾ 7, ಅವಧಿ 20 ವರ್ಷ ಎಂದು ಇಟ್ಟುಕೊಳ್ಳೋಣ. ಮಾಸಿಕ ಕಂತು 7,753 ರೂಪಾಯಿ. ಮೊದಲ ಕಂತಿನಲ್ಲಿ ಬಡ್ಡಿಗೆ 5,833 ರೂಪಾಯಿ, ಅಸಲಿಗೆ 1,920 ರೂಪಾಯಿ ಮಾತ್ರ. ಹತ್ತು ವರ್ಷ ತಪ್ಪದೆ ಕಟ್ಟಿದ ಮೇಲೂ 6 ಲಕ್ಷ 68 ಸಾವಿರದಷ್ಟು ಅಸಲು ಬಾಕಿ ಇರುತ್ತದೆ. ಅರ್ಧ ಅವಧಿ ಕಳೆದರೂ ಅಸಲಿನ ಮೂರನೆಯ ಒಂದು ಭಾಗವಷ್ಟೇ ತೀರಿರುತ್ತದೆ. ಒಟ್ಟು ಕಟ್ಟುವ ಬಡ್ಡಿ ಸುಮಾರು 8 ಲಕ್ಷ 60 ಸಾವಿರ.

ಸಾಲ ತೆಗೆದ ಹೊಸದರಲ್ಲೇ ಬಡ್ಡಿ ಏರಿತೆನ್ನೋಣ. ಬಡ್ಡಿ ಏರಿದಾಗ ಕಂತನ್ನು ಮೊದಲಿನಂತೆ ಇಟ್ಟು ಅವಧಿಯನ್ನು ಮಾತ್ರ ಬೆಳೆಸುವುದು ಬಹಳ ಕಡೆ ನಡೆಯುವ ಪದ್ಧತಿ. ಕಂತು ಅಷ್ಟೇ ಇರುವುದರಿಂದ ಸಾಲಗಾರನಿಗೆ ವ್ಯತ್ಯಾಸ ತಿಳಿಯುವುದಿಲ್ಲ. 7,753 ರೂಪಾಯಿಯ ಕಂತನ್ನು ಬದಲಿಸದೆ ಹೋದರೆ ಸಾಲ ತೀರಲು ಬೇಕಾಗುವ ಕಾಲ ಹೀಗಿದೆ:

ಬಡ್ಡಿ ಶೇಕಡಾ 7 ಇದ್ದರೆ: 20 ವರ್ಷ.
ಬಡ್ಡಿ ಶೇಕಡಾ 8 ಆದರೆ: 24 ವರ್ಷ 8 ತಿಂಗಳು.
ಬಡ್ಡಿ ಶೇಕಡಾ 9 ಆದರೆ: 38 ವರ್ಷ 2 ತಿಂಗಳು.
ಬಡ್ಡಿ ಶೇಕಡಾ 9.5 ಆದರೆ: ಎಂದಿಗೂ ತೀರುವುದಿಲ್ಲ.

ಕೊನೆಯ ಸಾಲನ್ನು ಸದಸ್ಯರು ಇನ್ನೊಮ್ಮೆ ಓದಬೇಕು. ಶೇಕಡಾ 9.5ರಂತೆ 10 ಲಕ್ಷಕ್ಕೆ ಒಂದು ತಿಂಗಳ ಬಡ್ಡಿಯೇ 7,917 ರೂಪಾಯಿ. ಕಟ್ಟುವ ಕಂತು 7,753. ಪ್ರತಿ ತಿಂಗಳೂ ಬಡ್ಡಿಗೇ ಹಣ ಸಾಲದೆ, ಕಡಮೆ ಬಿದ್ದದ್ದು ಅಸಲಿಗೆ ಸೇರುತ್ತ ಹೋಗುತ್ತದೆ. ಕಂತು ತಪ್ಪದೆ ಕಟ್ಟುವ ಪ್ರಾಮಾಣಿಕನ ಸಾಲವೂ ಬೆಳೆಯುತ್ತದೆ. 20 ವರ್ಷದಲ್ಲೇ ತೀರಿಸಬೇಕಾದರೆ ಕಂತನ್ನು 9,321 ರೂಪಾಯಿಗೆ ಏರಿಸಬೇಕು.

ಈ ಅನಾಹುತವನ್ನು ಗಮನಿಸಿಯೇ 2023ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕು ಒಂದು ಸುತ್ತೋಲೆ ಹೊರಡಿಸಿತು. ಅವಧಿ ಬೆಳೆಸುವುದರಿಂದ ಅಸಲು ಏರುವಂತಾಗಬಾರದು, ಕಂತು ಏರಿಸುವುದೋ ಅವಧಿ ಬೆಳೆಸುವುದೋ ಎಂಬ ಆಯ್ಕೆಯನ್ನು ಸಾಲಗಾರನಿಗೆ ಕೊಡಬೇಕು, ಮೂರು ತಿಂಗಳಿಗೊಮ್ಮೆ ಈವರೆಗೆ ಸಂದ ಅಸಲು, ಬಡ್ಡಿ, ಉಳಿದ ಕಂತುಗಳ ಸಂಖ್ಯೆ ಇವುಗಳ ವಿವರವನ್ನು ಒದಗಿಸಬೇಕು ಎಂಬುದು ಅದರ ತಾತ್ಪರ್ಯ. ಈ ವಿವರ ಪಟ್ಟಿ ಬಂದಾಗ ಕಪಾಟಿನಲ್ಲಿ ಸೇರಿಸಿಡದೆ, ‘ಉಳಿದ ಕಂತುಗಳು’ ಎಂಬ ಒಂದು ಅಂಕಿಯನ್ನಾದರೂ ಹಿಂದಿನ ಪಟ್ಟಿಯೊಡನೆ ಹೋಲಿಸಿ ನೋಡತಕ್ಕದ್ದು.

7. ತೋಟದ ಆದಾಯ, ತಿಂಗಳ ಕಂತು

ಮಾಸಿಕ ಕಂತಿನ ಪದ್ಧತಿ ಸಂಬಳದಾರರನ್ನು ನೋಡಿ ಮಾಡಿದ್ದು. ಬೆಳೆಗಾರನ ಮನೆಗೆ ಹಣ ಬರುವುದು ಕೊಯ್ಲಿನ ನಂತರ, ವರ್ಷಕ್ಕೆ ಒಂದೆರಡು ಬಾರಿ. ಮಳೆಗಾಲದಲ್ಲಿ ಕೊಳೆರೋಗ, ಕಾಯಿಕೊರಕಗಳ ಖರ್ಚು ಬೇರೆ. ಬೆಳೆ ಸಾಲವಾದರೆ ಬೆಳೆಯ ಹಂಗಾಮನ್ನು ನೋಡಿ ಸುಸ್ತಿಯನ್ನು ಲೆಕ್ಕ ಹಾಕುವ ನಿಯಮವಿದೆ. ಮನೆ ಸಾಲಕ್ಕೆ ಆ ರಿಯಾಯಿತಿ ಇಲ್ಲ. ಬಾಕಿ 90 ದಿನ ಮೀರಿದರೆ ಅದು ಅನುತ್ಪಾದಕ ಸಾಲವೆಂದು ದಾಖಲಾಗುತ್ತದೆ. ‘ಬೆಳೆ ಬಂದ ಮೇಲೆ ಒಟ್ಟಿಗೆ ಕಟ್ಟಿದರಾಯಿತು’ ಎಂಬ ನಮ್ಮ ರೂಢಿ ಇಲ್ಲಿ ಅಪಾಯಕಾರಿ.

ಆದ್ದರಿಂದ ನಮ್ಮ ಮೊದಲ ಸಲಹೆ: ಕೊಯ್ಲಿನ ಹಣ ಬಂದ ಕೂಡಲೇ ಮುಂದಿನ 12 ತಿಂಗಳ ಕಂತಿನ ಮೊತ್ತವನ್ನು ಬೇರೆ ಖಾತೆಯಲ್ಲಿ ತೆಗೆದಿಡಬೇಕು. ಇದನ್ನು ಕೂಲಿ, ಗೊಬ್ಬರಗಳಂತೆ ವರ್ಷದ ಖರ್ಚೆಂದೇ ಬಗೆಯಬೇಕು.

ಎರಡನೆಯ ಸಲಹೆ: ಧಾರಣೆ ಚೆನ್ನಾಗಿದ್ದ ವರ್ಷ ಅಸಲಿನ ಸ್ವಲ್ಪ ಭಾಗವನ್ನು ಮುಂಗಡವಾಗಿ ತೀರಿಸಬೇಕು. ಬದಲಾಗುವ ಬಡ್ಡಿಯ ಮನೆ ಸಾಲವನ್ನು ಅವಧಿಗೆ ಮುಂಚೆ ತೀರಿಸುವ ವ್ಯಕ್ತಿಗಳಿಗೆ ಬ್ಯಾಂಕುಗಳು ದಂಡ ಹಾಕಬಾರದೆಂದು 2012ರಲ್ಲೇ ರಿಸರ್ವ್ ಬ್ಯಾಂಕು ವಿಧಿಸಿದೆ. ಮೇಲಿನ ಲೆಕ್ಕದಲ್ಲೇ, ಬಡ್ಡಿ ಶೇಕಡಾ 7 ಇರುವಾಗ, ಪ್ರತಿ ವರ್ಷದ ಕೊನೆಯಲ್ಲಿ 50,000 ರೂಪಾಯಿಯನ್ನು ಅಸಲಿಗೆ ಕಟ್ಟುತ್ತ ಹೋದರೆ 20 ವರ್ಷದ ಸಾಲ 10 ವರ್ಷಕ್ಕೇ ತೀರುತ್ತದೆ. ಒಟ್ಟು ಬಡ್ಡಿ 8 ಲಕ್ಷ 60 ಸಾವಿರದ ಬದಲು ಸುಮಾರು 4 ಲಕ್ಷ ಆಗುತ್ತದೆ. ಮೊದಲ ವರ್ಷಗಳಲ್ಲಿ ಕಟ್ಟಿದ ಹಣಕ್ಕೆ ಪ್ರಯೋಜನ ಹೆಚ್ಚು, ಏಕೆಂದರೆ ಅದು ಮುಂದಿನ ಎಲ್ಲ ವರ್ಷಗಳ ಬಡ್ಡಿಯನ್ನು ಕಡಿಯುತ್ತದೆ.

ಧಾರಣೆ ಏರಿದ ವರ್ಷವನ್ನು ನೋಡಿ ದೊಡ್ಡ ಸಾಲಕ್ಕೆ ಕೈಹಾಕುವುದು ನಮ್ಮಲ್ಲಿ ಸಾಮಾನ್ಯ. ಹಾಗೆ ಮಾಡದೆ, ಕಳೆದ ಐದು ವರ್ಷಗಳಲ್ಲಿ ಅತಿ ಕಡಮೆ ಆದಾಯ ಬಂದ ವರ್ಷದಲ್ಲಿಯೂ ಕಟ್ಟಬಲ್ಲಷ್ಟೇ ಕಂತಿಗೆ ಒಪ್ಪಬೇಕು. ಅದೂ ಬಡ್ಡಿ ಈಗಿನದಕ್ಕಿಂತ ಎರಡೂವರೆ ಶೇಕಡಾ ಹೆಚ್ಚಾದರೆ ಕಂತು ಎಷ್ಟಾಗುತ್ತದೆ ಎಂದು ಕೇಳಿ, ಆ ಮೊತ್ತಕ್ಕೆ ಲೆಕ್ಕ ಹಾಕಬೇಕು.

8. ಮನೆಗೆ ಮನೆಯೇ ಆಧಾರವಿರಲಿ

ಹಿಂದೆ ಭೋಗ್ಯ, ಆಧಾರ ಪತ್ರಗಳ ಕಾಲದಲ್ಲಿ ಸಾಲ ಕೊಟ್ಟವನು ಕಣ್ಣೆದುರಿಗೇ ಇರುತ್ತಿದ್ದ. ಈಗ ಬಹಳ ಕಡೆ ಹಕ್ಕುಪತ್ರಗಳನ್ನು ಬ್ಯಾಂಕಿಗೆ ಒಪ್ಪಿಸುವುದರ ಮೂಲಕವೇ ಅಡಮಾನ ಏರ್ಪಡುತ್ತದೆ. 1882ರ ಸ್ವತ್ತು ವರ್ಗಾವಣೆ ಕಾಯಿದೆಯಲ್ಲಿ ಇದಕ್ಕೆ ಅವಕಾಶವಿದೆ. ಪತ್ರ ಒಪ್ಪಿಸುವುದು ಸುಲಭವೆಂದು ಅದರ ಪರಿಣಾಮ ಹಗುರವೆಂದು ಭಾವಿಸಬಾರದು.

2002ರ ಸರ್ಫೇಸಿ ಕಾಯಿದೆಯ ಪ್ರಕಾರ, ಸಾಲ ಅನುತ್ಪಾದಕವಾದರೆ ಬ್ಯಾಂಕು 60 ದಿನಗಳ ನೋಟೀಸು ಕೊಟ್ಟು, ದಾವೆ ಹೂಡದೆಯೇ ಆಧಾರದ ಸ್ವತ್ತನ್ನು ವಶಕ್ಕೆ ತೆಗೆದುಕೊಂಡು ಹರಾಜು ಹಾಕಬಹುದು. ಸಹಕಾರಿ ಬ್ಯಾಂಕುಗಳಿಗೂ ಈ ಅಧಿಕಾರವುಂಟೆಂದು 2020ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ಕೃಷಿ ಭೂಮಿಗೆ ಈ ಕಾಯಿದೆಯ 31ನೇ ಕಲಮಿನಲ್ಲಿ ವಿನಾಯಿತಿ ಇದೆ. ಇದನ್ನು ನಂಬಿ ಎಷ್ಟೋ ಮಂದಿ ತೋಟದ ಪತ್ರವನ್ನು ಧೈರ್ಯವಾಗಿ ಕೊಡುತ್ತಾರೆ. ಆದರೆ ಪಹಣಿಯಲ್ಲಿ ಕೃಷಿ ಎಂದು ಬರೆದಿದ್ದರಷ್ಟೇ ಸಾಲದು, ಆಧಾರ ಬರೆದುಕೊಟ್ಟಾಗ ಭೂಮಿ ನಿಜವಾಗಿ ಯಾವ ಬಳಕೆಯಲ್ಲಿತ್ತು ಎಂಬುದನ್ನು ನೋಡಬೇಕೆಂದು 2018ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಕಾಫಿಯಂಥ ಪ್ಲಾಂಟೇಶನ್ ಭೂಮಿಗೆ ಈ ವಿನಾಯಿತಿ ಅನ್ವಯಿಸುತ್ತದೆಯೇ ಎಂಬ ವಿವಾದಗಳು ನ್ಯಾಯಾಲಯಗಳ ಮೆಟ್ಟಿಲು ಹತ್ತಿವೆ. ವಿನಾಯಿತಿ ಸಿಕ್ಕಿದರೂ ಸಾಲ ಮನ್ನಾ ಆಗುವುದಿಲ್ಲ. ಬೇರೆ ಕಾನೂನು ಮಾರ್ಗಗಳು ಬ್ಯಾಂಕಿಗೆ ತೆರೆದೇ ಇರುತ್ತವೆ.

ಹೀಗಾಗಿ ನಮ್ಮ ಅಭಿಪ್ರಾಯ ಸ್ಪಷ್ಟವಾಗಿದೆ. ಮನೆ ಸಾಲಕ್ಕೆ ಆ ಮನೆ ಮತ್ತು ಅದರ ನಿವೇಶನ ಮಾತ್ರ ಆಧಾರವಾಗಿರಲಿ. ಸಾಲ ಸ್ವಲ್ಪ ಕಡಮೆ ಸಿಕ್ಕರೂ ಚಿಂತೆಯಿಲ್ಲ, ಒಂದು ಕೋಣೆ ಕಡಮೆ ಕಟ್ಟೋಣ. ಮನೆ ಅನ್ನ ಕೊಡುವುದಿಲ್ಲ, ತೋಟ ಕೊಡುತ್ತದೆ. ತೋಟ ಉಳಿದರೆ ಇನ್ನೊಂದು ಮನೆ ಕಟ್ಟಬಹುದು. ತೋಟ ಹೋದರೆ ಮನೆಯ ಕಂತು ಕಟ್ಟುವುದು ಯಾವುದರಿಂದ?

ಸಾಲ ತೀರಿದ ಮೇಲೆ ಪತ್ರಗಳನ್ನು ವಾಪಸು ಪಡೆಯಲು ಮರೆಯಬಾರದು. 30 ದಿನಗಳೊಳಗೆ ಮೂಲ ಪತ್ರಗಳನ್ನು ಹಿಂತಿರುಗಿಸಬೇಕು, ತನ್ನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಪರಿಹಾರ ಕೊಡಬೇಕು ಎಂದು 2023ರ ಸೆಪ್ಟೆಂಬರಿನ ರಿಸರ್ವ್ ಬ್ಯಾಂಕಿನ ಆದೇಶವಿದೆ. ಪತ್ರ ಬಂದ ಮೇಲೆ ಋಣಭಾರ ಪತ್ರವನ್ನು ತೆಗೆಸಿ, ಸಾಲದ ನಮೂದು ಇಲ್ಲವಾಗಿದೆಯೇ ಎಂದು ಪರೀಕ್ಷಿಸಬೇಕು.

ಅಭ್ಯಾಸಕ್ಕೆ ಪ್ರಶ್ನೆಗಳು

1. ಹಳೆಯ ಚೀಟಿ ಮಾದರಿಯ ಗೃಹ ನಿರ್ಮಾಣ ಸಂಘದಲ್ಲಿ ಠೇವಣಿದಾರರ ಭಯ ಏಕೆ ಇರಲಿಲ್ಲ?

2. ಸ್ಥಿರ ಬಡ್ಡಿ, ಬದಲಾಗುವ ಬಡ್ಡಿ ಇವೆರಡರಲ್ಲಿ ಬಡ್ಡಿ ಏರಿದಾಗ ನಷ್ಟ ಯಾರಿಗೆ, ಇಳಿದಾಗ ಲಾಭ ಯಾರಿಗೆ?

3. 12 ಲಕ್ಷ ರೂಪಾಯಿ ಬಾಕಿಯಿರುವ ಸಾಲಕ್ಕೆ ಶೇಕಡಾ 9ರಂತೆ ಒಂದು ತಿಂಗಳ ಬಡ್ಡಿ ಎಷ್ಟು? ಕಂತು 8,800 ರೂಪಾಯಿ ಮಾತ್ರ ಇದ್ದರೆ ಸಾಲ ಇಳಿಯುತ್ತದೆಯೇ, ಏರುತ್ತದೆಯೇ?

4. ನಿಮ್ಮ ಮನೆಯಲ್ಲಿ ಸಾಲವಿದ್ದರೆ, ಅದಕ್ಕೆ ಯಾವ ಯಾವ ಸರ್ವೆ ನಂಬರಿನ ಪತ್ರಗಳನ್ನು ಕೊಡಲಾಗಿದೆ ಎಂಬುದು ಮನೆಯ ಎಲ್ಲ ವಯಸ್ಕರಿಗೂ ತಿಳಿದಿದೆಯೇ?

ಮೂರನೆಯ ಪ್ರಶ್ನೆಯ ಲೆಕ್ಕವನ್ನು ಸದಸ್ಯರು ಮನೆಯಲ್ಲಿ ಮಕ್ಕಳೊಡನೆ ಕುಳಿತು ಮಾಡಬೇಕೆಂದು ಕೋರುತ್ತೇವೆ. 12 ಲಕ್ಷವನ್ನು 9ರಿಂದ ಗುಣಿಸಿ, 100ರಿಂದ ಭಾಗಿಸಿ, ಬಂದದ್ದನ್ನು ಮತ್ತೆ 12ರಿಂದ ಭಾಗಿಸಿದರೆ ಉತ್ತರ ದೊರೆಯುತ್ತದೆ. ಅದಾದ ಮೇಲೆ ನಿಮ್ಮದೇ ಸಾಲದ ಬಾಕಿಯನ್ನು ಇಟ್ಟುಕೊಂಡು ಇದೇ ಲೆಕ್ಕ ಮಾಡಿ ನೋಡಿ. ಒಂದು ತಿಂಗಳ ಬಡ್ಡಿಯೇ ನೀವು ಕಟ್ಟುವ ಕಂತಿನ ಹತ್ತಿರ ಹತ್ತಿರ ಬಂದಿದ್ದರೆ, ಮುಂದಿನ ಕೊಯ್ಲಿನವರೆಗೆ ಕಾಯದೆ, ಈ ವಾರವೇ ಬ್ಯಾಂಕಿಗೆ ಹೋಗಿ ಕಂತು ಏರಿಸುವ ಅಥವಾ ಅಸಲಿಗೆ ಸ್ವಲ್ಪ ಕಟ್ಟುವ ಏರ್ಪಾಡನ್ನು ಮಾಡಿಕೊಳ್ಳಬೇಕೆಂದು ವಿನಂತಿಸುತ್ತೇವೆ.